ಆರನೆಯ ಕಪ್ಪು-ಬಸಿ

ಗಿರಿಮಲ್ಲಪ್ಪ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ಮೇಲೆ, ಸಂಜೆಯಾದರೆ ಎಲ್ಲಿ ಹೋಗಿ ಕೂರಬೇಕೆಂಬುದೇ ಹುಲೆಪ್ಪನಿಗೆ ತಿಳಿಯದಾಯಿತು.

ಜಮಖಂಡಿಯ ಕೋರ್ಟಿನ ಹಿಂದಿನ ಓಣಿಯಲ್ಲಿದ್ದ ಹೋಟೆಲಿನ ಬೆಂಚೊಂದರ ಮೇಲೆ ಅವರಿಬ್ಬರ ಅರ್ಧ ಆಯುಷ್ಯ ಕಳೆದಿತ್ತು. ಹುಲೆಪ್ಪ ಕೋರ್ಟಿನ ನಕಲು ವಿಭಾಗದಲ್ಲಿ ಗುಮಾಸ್ತನಾಗಿದ್ದವನು. ಗಿರಿಮಲ್ಲಪ್ಪನದು ನೂಲಿನ ವ್ಯಾಪಾರ; ರಬಕವಿ-ಬನಹಟ್ಟಿಯ ನೇಕಾರರಿಗೆ ನೂಲು ಕೊಡುತ್ತಿದ್ದ. ಚಿಕ್ಕಪಡಸಲಗಿಯ ಕಡೆ ಹೊಳೆದಂಡೆಗೆ ಹೊಲವೂ ಇತ್ತು. ಆ ಹೊಲದ ತಕರಾರಿನ ನಕಲು ಬೇಕೆಂದು ಕೋರ್ಟಿಗೆ ಬಂದವನು ಹುಲೆಪ್ಪನನ್ನು ಚಹಾಕ್ಕೆ ಕರೆದಿದ್ದ. ತಕರಾರು ಒಂದು ದಿನ ಮುಗಿಯಿತು, ಚಹಾ ಮುಂದುವರಿಯಿತು. ಹುಲೆಪ್ಪ ನಿವೃತ್ತನಾದ, ಗಿರಿಮಲ್ಲಪ್ಪ ಅಂಗಡಿಯನ್ನು ಮಗ ವೀರೇಶನಿಗೆ ಬಿಟ್ಟುಕೊಟ್ಟ. ಆಮೇಲೂ ಸಂಜೆ ಐದರ ಹೊತ್ತಿಗೆ ಇಬ್ಬರೂ ಎರಡು ದಿಕ್ಕಿನಿಂದ ನಡೆದು ಬಂದು ಅದೇ ಬೆಂಚಿನ ಮೇಲೆ ಕೂರುತ್ತಿದ್ದರು. ಹೆಚ್ಚು ಮಾತೇನೂ ಇರುತ್ತಿರಲಿಲ್ಲ.

ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ನಮೂನೆಯ ಗಾಜಿನ ಗ್ಲಾಸು. ವಕೀಲರಿಗೂ ಅದೇ, ಹಳ್ಳಿಯಿಂದ ತಾರೀಖಿಗೆ ಬಂದವರಿಗೂ ಅದೇ. ಹುಲೆಪ್ಪನಿಗೆ ಆ ಗ್ಲಾಸು ಸೇರುತ್ತಿರಲಿಲ್ಲ. ಅಂಚು ದಪ್ಪ, ಚಹಾಕ್ಕಿಂತ ಮೊದಲು ಗಾಜೇ ತುಟಿಗೆ ಸಿಗುತ್ತದೆ ಎನ್ನುತ್ತಿದ್ದ. ಸ್ಟೀಲಿನದಾದರೆ ತುಟಿ ಸುಡುತ್ತದೆ, ತುಟಿಗೆ ತಾಳುವ ಹೊತ್ತಿಗೆ ಚಹಾ ಆರಿರುತ್ತದೆ. ಪಿಂಗಾಣಿಯದೇ ಸರಿ; ಅದೂ ತೆಳ್ಳನೆಯ ಅಂಚಿನದು. ಆಗ ಚಹಾ ನಾಲಗೆಯ ತುದಿಗೆ ಬಂದು ಬೀಳುತ್ತದೆ, ಏಲಕ್ಕಿ ಮೊದಲು, ಸಕ್ಕರೆ ಆಮೇಲೆ. ಅವನು ಇದನ್ನು ಹೇಳುವಾಗಲೆಲ್ಲ ಗಿರಿಮಲ್ಲಪ್ಪ ಬಸಿಗೆ ಸುರಿದುಕೊಂಡ ಚಹಾವನ್ನು ಸುರ್ರೆಂದು ಎಳೆದು ನಗುತ್ತಿದ್ದ.

"ಲೇ ಹುಲೆಪ್ಪ, ನೀ ಚಾ ಕುಡ್ಯಾಕ ಬರ್ತಿಯೋ, ಭಾಂಡೆ ಅಂಗಡಿ ಇಡಾಕ ಬರ್ತಿಯೋ?"

"ನಿನಗೇನ್ ತಿಳೀತೈತಲೇ. ನೀ ಕುಡಿಯೂ ಸಪ್ಪಳಕ್ಕ ಓಣ್ಯಾಗಿನ ನಾಯಿ ಎದ್ದು ಹೋಗ್ತಾವು."

ಇಷ್ಟೇ. ಈ ಮಾತನ್ನೇ ಅವರು ವರ್ಷಗಟ್ಟಲೆ ಆಡಿದ್ದರು.

ಆಪರೇಷನ್ ಆಗಿ ಗಿರಿಮಲ್ಲಪ್ಪ ಮನೆಗೆ ಬಂದನೆಂದು ಕೇಳಿ ಹುಲೆಪ್ಪ ನೋಡಲು ಹೋದ. ಅಷ್ಟು ವರ್ಷಗಳ ಗೆಳೆತನದಲ್ಲಿ ಆ ಮನೆಯ ಕಟ್ಟೆಯ ತನಕ ಹೋದದ್ದುಂಟು, ಒಳಗೆ ಕಾಲಿಟ್ಟದ್ದಿಲ್ಲ. ಕರೆಯಲಿಲ್ಲವೆಂದಲ್ಲ, ಕರೆಯುವ ಪ್ರಸಂಗವೇ ಬರದಂತೆ ಇಬ್ಬರೂ ಹೋಟೆಲಿನಲ್ಲಿ ಉಳಿದಿದ್ದರು. ಅದನ್ನು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಈಗ ಗಿರಿಮಲ್ಲಪ್ಪನ ಹೆಂಡತಿ ಮಾದೇವಿ ಬಾಗಿಲಿಗೆ ಬಂದು, "ಬರ್ರಿ ಅಣ್ಣಾರ, ನಿಮ್ಮನ್ನ ನೆನಸಾಕತ್ತಿದ್ರು," ಎಂದು ಪಡಸಾಲೆಗೆ ಕರೆದಳು. ಮಂಚದ ಪಕ್ಕಕ್ಕೆ ಕುರ್ಚಿ ಹಾಕಿದಳು.

"ಹೆಂಗಿದೀರಿ ಸಾವ್ಕಾರ್ರ?" ಎಂದ ಹುಲೆಪ್ಪ.

ಗಿರಿಮಲ್ಲಪ್ಪ ದಿಂಬಿನಿಂದ ತಲೆ ಎತ್ತಿ ಅವನನ್ನೇ ನೋಡಿದ. "ಹೋಟೆಲ್‌ನ್ಯಾಗ ಲೇ ಅಂತಿದ್ದಿ. ಸೊಂಟ ಮುರದ ಕೂಡಲೇ ಸಾವ್ಕಾರ ಆದ್ನೇನು?"

ಹುಲೆಪ್ಪ ಒಳಬಾಗಿಲ ಕಡೆ ಕಣ್ಣು ಹೊರಳಿಸಿದ. ಮಾದೇವಿ ಅಲ್ಲಿ ನಿಂತಿದ್ದಳು. ಅವನು ಸುಮ್ಮನೆ ನಕ್ಕ.

"ಸೊಂಟದಾಗ ಸ್ಟೀಲ್ ಹಾಕ್ಯಾರ," ಎಂದ ಗಿರಿಮಲ್ಲಪ್ಪ. "ಹೂಳೂದಕ್ಕ ಮೊದಲ ಬಿಚ್ಚಿ ಗುಜರಿಗೆ ಹಾಕ್ರಿ, ವಾಯಾ ಹೋಗೂದ ಬ್ಯಾಡ ಅಂತ ವೀರೇಶಗ ಹೇಳೇನಿ."

"ಬಾಯಿ ಮಾತ್ರ ಮುರೀಲಿಲ್ಲ ನೋಡ್ರಿ," ಎಂದು ಒಳಗೆ ಹೋದಳು ಮಾದೇವಿ.

ಸ್ವಲ್ಪ ಹೊತ್ತಿಗೆ ಚಹಾ ಬಂತು. ಗಿರಿಮಲ್ಲಪ್ಪನಿಗೆ ಸ್ಟೀಲಿನ ಲೋಟ ಮತ್ತು ಬಸಿ. ಹುಲೆಪ್ಪನಿಗೆ ಕಾಗದದ ಕಪ್.

ಈಗ ಎಲ್ಲಿ ನೋಡಿದರೂ ಕಾಗದದ ಕಪ್ಪೇ ಎಂದುಕೊಂಡ ಹುಲೆಪ್ಪ. ಮದುವೆಯಲ್ಲಿ ಅದೇ, ಆಫೀಸಿನಲ್ಲಿ ಅದೇ. ಮನೆಯಲ್ಲಿ ರೋಗಿ ಇರುವಾಗ ಬಂದುಹೋಗುವವರು ಬಹಳ, ತೊಳೆಯುವ ಕೈ ಒಂದೇ. ಮಗ ಸೊಸೆ ಇಬ್ಬರೂ ಅಂಗಡಿಯಲ್ಲಿ. ಸಮಾಧಾನಗಳು ಒಂದರ ಹಿಂದೆ ಒಂದು ತಾವಾಗಿಯೇ ಬಂದವು. ಕಪ್ ಬಿಸಿಗೆ ಮೆತ್ತಗಾಗುತ್ತಿತ್ತು, ಬೆರಳಿನ ಒತ್ತಿಗೆ ಒಳಗೆ ಬಾಗುತ್ತಿತ್ತು. ಕಾಗದದ ಕಪ್ಪಿನಲ್ಲಿ ಕೂತು ಕುಡಿಯಲು ಆಗುವುದಿಲ್ಲ. ಬೇಗ ಮುಗಿಸಿ ಏಳು ಎನ್ನುತ್ತದೆ ಅದು. ಅವನು ಬೇಗ ಮುಗಿಸಿದ. ಬಾಯಲ್ಲಿ ಮೇಣದಂಥ ಏನೋ ಉಳಿಯಿತು. ಖಾಲಿ ಕಪ್ಪನ್ನು ಎಲ್ಲಿ ಇಡಲಿ ಎಂದು ನೋಡುವಷ್ಟರಲ್ಲಿ ಮಾದೇವಿ, "ಹೊರಗ ಡಬ್ಬಿ ಐತ್ರಿ, ಹೋಗುವಾಗ ಹಾಕಿದ್ರಾತು," ಎಂದಳು.

ಮನೆಗೆ ಬಂದು ಬಾಯಿ ಮುಕ್ಕಳಿಸಿ, "ಒಂದೀಟು ಚಾ ಮಾಡು," ಎಂದ.

ಹೆಂಡತಿ ತಾರವ್ವ ಒಲೆಯ ಕಡೆ ಹೋಗದೆ ನಿಂತಳು. "ಅಲ್ಲಿ ಕೊಡಲಿಲ್ಲೇನ್ರಿ?"

"ಕೊಟ್ರು."

"ಮತ್ತ?"

"ರುಚಿ ಹತ್ತಲಿಲ್ಲ."

ತಾರವ್ವ ಅವನ ಮುಖವನ್ನು ನೋಡಿದಳು. ಚಹಾ ಮಾಡಿ, ಅವನ ತೆಳ್ಳನೆಯ ಬಿಳಿ ಪಿಂಗಾಣಿಯ ಕಪ್ಪಿನಲ್ಲಿ ಹಾಕಿ ತಂದಳು. ಬಸಿಯನ್ನು ಟೇಬಲಿನ ಮೇಲೆ ಇಡುವಾಗ ಅಗತ್ಯಕ್ಕಿಂತ ಜೋರಾಗಿ ಸಪ್ಪಳವಾಯಿತು.

ಹುಲೆಪ್ಪ ದಿನಾ ಹೋಗತೊಡಗಿದ. ಹೋಗದೆ ಇರಲು ಆಗುತ್ತಿರಲಿಲ್ಲ. ಗಿರಿಮಲ್ಲಪ್ಪ ಐದಾಗುವ ಮೊದಲೇ ಬಾಗಿಲ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಅವನನ್ನು ಎಬ್ಬಿಸಿ ಕೂಡಿಸುವುದು ಮಾದೇವಿಯೊಬ್ಬಳ ಕೈಲಾಗುವ ಕೆಲಸವಾಗಿರಲಿಲ್ಲ. ಹುಲೆಪ್ಪ ಕಂಕುಳಿಗೆ ಕೈಕೊಟ್ಟು, ಎದೆಗೆ ಒರಗಿಸಿಕೊಂಡು, ನಿಧಾನವಾಗಿ ಕೂಡಿಸುತ್ತಿದ್ದ. ಅಂಗಿ ಬದಲಿಸುತ್ತಿದ್ದ. ವಾಕರ್ ಬಂದ ಮೇಲೆ ಹಿತ್ತಲ ತನಕ ನಡೆಸಿಕೊಂಡು ಹೋಗುತ್ತಿದ್ದ. "ನೀವು ಬಂದ್ರ ನನಗ ಸ್ವಲ್ಪ ಉಸಿರು ಬಂದಂಗ ಆಕ್ಕೈತ್ರಿ ಅಣ್ಣಾರ," ಎನ್ನುತ್ತಿದ್ದಳು ಮಾದೇವಿ. ಅದು ಸುಳ್ಳಲ್ಲ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು, ನಿಂತಲ್ಲೇ ಗೋಡೆಗೆ ಒರಗುತ್ತಿದ್ದಳು. ತನ್ನ ಗಂಡನನ್ನು ಹುಲೆಪ್ಪ ಅಪ್ಪಿ ಎತ್ತುವುದನ್ನು ನೋಡುತ್ತ ನಿಂತು, ಆಮೇಲೆ ಒಳಗೆ ಹೋಗಿ, ಕಾಗದದ ಕಪ್ಪಿನಲ್ಲಿ ಚಹಾ ತರುತ್ತಿದ್ದಳು.

ಒಂದು ಸಂಜೆ ಬನಹಟ್ಟಿಯಿಂದ ಮುರಗೆಪ್ಪ ಬಂದ. ಗಿರಿಮಲ್ಲಪ್ಪನ ಹಳೆಯ ಗಿರಾಕಿ, ಮಗ್ಗಗಳ ಮಾಲಕ. ಬರುವಾಗಲೇ ಗದ್ದಲ.

"ಏನೋ ಸಾವ್ಕಾರ, ಈ ವಯಸ್ಸಿನ್ಯಾಗ ಬಚ್ಚಲಾಗ ಕುಣ್ಯಾಕ ಹೋಗಿದ್ಯಾ?"

"ನಿನ್ನ ಬಾಕಿ ನೆನಪಾಗಿ ಕಾಲು ಜಾರಿತು ನೋಡು."

"ಹಂಗಾರ ತಪ್ಪು ನಂದ ಆತು. ಚಾ ಹಾಕಸು, ಕುಡದು ಹೋಗಿಬಿಡ್ತೇನಿ, ಮತ್ತ ಕೇಳಬ್ಯಾಡ."

ಮೂವರೂ ನಕ್ಕರು. ಮಾದೇವಿ ತಟ್ಟೆಯಲ್ಲಿ ಚಹಾ ತಂದಳು. ಗಿರಿಮಲ್ಲಪ್ಪನ ಸ್ಟೀಲಿನ ಲೋಟ. ಮುರಗೆಪ್ಪನಿಗೆ ಹೂವಿನ ಚಿತ್ತಾರದ ಕಪ್ಪು-ಬಸಿ. ಹುಲೆಪ್ಪನಿಗೆ ಕಾಗದದ್ದು. ತಟ್ಟೆಯ ಮೇಲೆ ಮೂರೂ ಒಂದರ ಪಕ್ಕ ಒಂದು ಇದ್ದವು. ಗಿರಿಮಲ್ಲಪ್ಪ ಒಮ್ಮೆ ತಟ್ಟೆ ನೋಡಿದ, ಆಮೇಲೆ ನೂಲಿನ ದರದ ಮಾತು ತೆಗೆದ. ಮುರಗೆಪ್ಪನೂ ನೋಡಿರಬೇಕು, ಹುಲೆಪ್ಪನ ಕಡೆ ತಿರುಗಿ, ಬೇಡದ ವಿಶ್ವಾಸದಿಂದ, "ನಿಮ್ಮ ಮಗಳು ಮುಧೋಳ ಕಾಲೇಜಿನ್ಯಾಗ ಕಲಸ್ತಾಳಂತಲ್ರಿ, ಭಾಳ ಛಲೋ ಆತು ಬಿಡ್ರಿ," ಎಂದ.

ಆ ದಿನ ಸಮಾಧಾನಗಳು ಬರಲಿಲ್ಲ. ಹುಲೆಪ್ಪ ಚಹಾ ಕುಡಿದ.

ಮನೆಯಲ್ಲಿ ಅವನು ಹೇಳಲಿಲ್ಲ. ಆದರೆ ಮಗಳು ಸಂಘಮಿತ್ರಾ ಮುಧೋಳದ ಬಸ್ಸಿಳಿದು ಬರುವ ಹೊತ್ತಿಗೆ ಅಪ್ಪ ಎರಡನೆಯ ಚಹಾ ಕುಡಿಯುತ್ತ ಕೂತಿರುವುದನ್ನು ಆಗಲೇ ಎಷ್ಟೋ ದಿನ ನೋಡಿದ್ದಳು.

"ಯಾವುದರಾಗ ಕೊಡ್ತಾರಪ್ಪಾ ಅಲ್ಲಿ ಚಾ?" ಎಂದು ಚೀಲ ಇಳಿಸುತ್ತ ಕೇಳಿದಳು.

ಹುಲೆಪ್ಪ ಹೇಳಿದ. ಮುರಗೆಪ್ಪನ ಕಪ್ಪಿನ ಮಾತನ್ನೂ ಹೇಳಿದ.

"ಹೋಗಬ್ಯಾಡ."

"ಅವನ ಸಲುವಾಗಿ ಹೋಗ್ತೇನಿ."

"ಅಂವ ನೋಡ್ಕೋತ ಸುಮ್ಮನಿದ್ನಿಲ್ಲೋ?"

"ಹಾಸಿಗಿ ಹಿಡದಾನವ್ವಾ."

"ಸೊಂಟಕ್ಕ ಪೆಟ್ಟಾಗೈತಿ, ಬಾಯಿಗಲ್ಲ." ಅವಳು ಸ್ವಲ್ಪ ತಡೆದು, ನಗೆಯೆಂದು ತಿಳಿಯಲಿ ಎಂಬಂತೆ, "ನಿನ್ನ ಕಪ್ ಇಲ್ಲಿಂದ ಒಯ್ಯಪ್ಪಾ ಹಂಗಾರ. ರುಚಿ ಹತ್ತತೈತಿ," ಎಂದಳು.

ಒಳಗಿನಿಂದ ತಾರವ್ವ ಹೊರಗೆ ಬಂದಳು. "ಏನಂದಿ? ನಿಮ್ಮ ಮುತ್ಯಾ ಒಯ್ಯುತಿದ್ದ ಕಪ್ಪು. ಬೀಳಗಿ ಕಡೆ ಊರಾಗ ಚಾದಂಗಡಿ ಚಪ್ಪರದಾಗ ಸಿಗಿಸಿಟ್ಟು ಬರತಿದ್ದ, ತಾನ ತಗದು, ತಾನ ತೊಳದು, ಮ್ಯಾಲಿಂದ ಹಾಕಿದ್ದನ್ನ ಹಿಡದು ಕುಡೀತಿದ್ದ. ಅದಕ್ಕ ಇವರು ನೌಕರಿ ಹತ್ತಿದ ಕೂಡಲೇ ಮದಲ ಕಪ್ಪು-ಬಸಿ ತಂದ್ರು. ನಗೀ ಮಾಡೂ ಮಾತಲ್ಲ ಅದು."

ಯಾರೂ ದೀಪ ಹಾಕಲು ಏಳಲಿಲ್ಲ.

ಆದರೆ ಮಗಳ ಮಾತು ಹುಲೆಪ್ಪನ ತಲೆಯಲ್ಲಿ ಬೇರೆಯಾಗಿ ಬೆಳೆಯಿತು. ತನಗೊಂದು ಕಪ್ ಒಯ್ದರೆ ಅದು ಅಪ್ಪನ ಕಪ್ಪಾಗುತ್ತದೆ, ನಿಜ. ಆದರೆ ಒಂದು ಸೆಟ್ಟನ್ನೇ ಒಯ್ದರೆ? ಗೆಳೆಯನ ಮನೆಗೆ ಕೊಟ್ಟ ಕಾಣಿಕೆ. ಅದು ಆ ಮನೆಯದಾಗುತ್ತದೆ. ಆ ಮನೆಯ ಕಪ್ಪಿನಲ್ಲಿ ಆ ಮನೆಯವರೂ ಕುಡಿಯುತ್ತಾರೆ, ತಾನೂ ಕುಡಿಯುತ್ತೇನೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಮಾದೇವಿಗೂ ಸೋತಂತಾಗುವುದಿಲ್ಲ, ಗಿರಿಮಲ್ಲಪ್ಪನೂ ಹೆಂಡತಿಯ ಎದುರು ಬಾಯಿ ತೆರೆಯಬೇಕಾಗಿಲ್ಲ. ಮಾತಿಲ್ಲದೆ ಮುಗಿಯುವ ದಾರಿ ಎಂದರೆ ಹುಲೆಪ್ಪನಿಗೆ ಯಾವಾಗಲೂ ಆಸೆ.

ಬಜಾರದ ಭಾಂಡೆ ಅಂಗಡಿಯಲ್ಲಿ ಬಹಳ ಹೊತ್ತು ನಿಂತು ಆರಿಸಿದ. ಒಂದೊಂದನ್ನೂ ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಸವರಿ ನೋಡಿದ. ಬಿಳಿಯದು, ಅಂಚಿಗೆ ಹಸಿರು ಗೆರೆ, ಆರು ಕಪ್ಪು ಆರು ಬಸಿ. ಗಿರಿಮಲ್ಲಪ್ಪನ ಮಂಚದ ಮೇಲೆ ಪೆಟ್ಟಿಗೆ ಇಟ್ಟಾಗ ಅವನ ಮುಖ ಮಗುವಿನಂತೆ ಅರಳಿತು.

"ಕಡೀಕೂ ಭಾಂಡೆ ಅಂಗಡಿ ಇಟ್ಟೇಬಿಟ್ಟೆಲ್ಲೋ!" ಎಂದು ಒಂದು ಬಸಿ ಹೊರಗೆ ತೆಗೆದು ಬೆಳಕಿಗೆ ಹಿಡಿದ. "ಅಗಲ ಐತಿ. ಚಾ ಛಲೋ ಆರತೈತಿ ಇದರಾಗ."

ಮಾದೇವಿ ಸೆರಗಿನಿಂದ ಕೈ ಒರೆಸಿಕೊಂಡು ಪೆಟ್ಟಿಗೆ ಎತ್ತಿಕೊಂಡಳು. "ಯಾಕ ತರಾಕ ಹೋಗಿದ್ರಿ ಅಣ್ಣಾರ, ಸುಮ್ಮನ ಖರ್ಚು," ಎಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಮರುದಿನ ಚಹಾ ಹಸಿರು ಗೆರೆಯ ಕಪ್ಪಿನಲ್ಲಿ ಬಂತು.

ಮಾದೇವಿಯ ಕೈಯ ಚಹಾ ಅಷ್ಟು ಒಳ್ಳೆಯದೆಂದು ಹುಲೆಪ್ಪನಿಗೆ ತಿಳಿದದ್ದೇ ಆ ದಿನ. ಹಸಿ ಶುಂಠಿಯನ್ನು ಜಜ್ಜಿ ಹಾಕುತ್ತಿದ್ದಳು, ಹಾಲನ್ನು ಬೇರೆಯಾಗಿ ಕಾಯಿಸುತ್ತಿದ್ದಳು. ಕುಡಿದದ್ದು ಅಷ್ಟು ದಿನವೂ ಇದೇ ಚಹಾ. ಕಾಗದ ಅದನ್ನು ಮುಚ್ಚಿಬಿಟ್ಟಿತ್ತು. ಈಗ ಕಪ್ಪಿನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಮೊದಲ ಗುಟುಕನ್ನು ಬಾಯಲ್ಲಿ ಸ್ವಲ್ಪ ಇಟ್ಟುಕೊಂಡು, ಕಪ್ಪನ್ನು ಬಸಿಯ ಮೇಲೆ ಇಳಿಸಿ, ಒಂದು ಮಾತಾಡಿ, ಮತ್ತೆ ಎತ್ತಬಹುದಿತ್ತು. ಅವಸರವಿರಲಿಲ್ಲ. ಹೊಳೆಗೆ ನೀರು ಬಂದ ಮಾತು, ಸತ್ತುಹೋದ ಜಡ್ಜರೊಬ್ಬರ ಮಾತು, ಏನೂ ಅಲ್ಲದ ಮಾತು. ಪಡಸಾಲೆಯ ಗಾಜಿನ ಕಪಾಟಿನಲ್ಲಿ ಉಳಿದ ಐದು ಕಪ್ಪುಗಳನ್ನು ಬಸಿಯ ಮೇಲೆ ಬೋರಲಾಗಿ ಜೋಡಿಸಿದ್ದರು. ಅವುಗಳ ಪಕ್ಕದಲ್ಲಿ ವೀರೇಶನ ಮದುವೆಯ ಫೋಟೊ. ತನ್ನ ಕಾಣಿಕೆಗೆ ಅಂಥ ಜಾಗ ಸಿಕ್ಕಿತಲ್ಲ ಎಂದು ಹುಲೆಪ್ಪ ಮಾತಿನ ನಡುವೆ ಅತ್ತ ನೋಡುತ್ತಿದ್ದ.

ಮನೆಗೆ ಬಂದು ಚಹಾ ಕೇಳುವುದು ನಿಂತಿತು. ಒಲೆಗೆ ಪಾತ್ರೆ ಇಟ್ಟು ಕಾದಿದ್ದ ತಾರವ್ವ ಮೊದಲ ದಿನ, "ಬ್ಯಾಡೇನ್ರಿ?" ಎಂದು ಕೇಳಿದಳು. ಬೇಡವೆಂದ. ಅವಳು ಗ್ಯಾಸ್ ಆರಿಸಿದಳು. ಖುಷಿಪಟ್ಟಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಹೀಗೆ ಒಂದಷ್ಟು ವಾರ ನಡೆಯಿತು. ಡಾಕ್ಟರು ಇನ್ನು ಮೇಲೆ ವಾಕರ್ ಇಲ್ಲದೆ, ಯಾರದಾದರೂ ಹೆಗಲು ಹಿಡಿದು ನಡೆಯಲಿ ಎಂದಿದ್ದರು. ಒಂದು ಸಂಜೆ ಗಿರಿಮಲ್ಲಪ್ಪ ಹುಲೆಪ್ಪನ ಹೆಗಲ ಮೇಲೆ ಭಾರ ಬಿಟ್ಟು ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದ. ವಾಕರ್ ಇದ್ದಾಗ ಸಂದಿಯ ತುದಿಯಿಂದಲೇ ತಿರುಗುತ್ತಿದ್ದರು; ಇಷ್ಟು ಒಳಗೆ ಬಂದದ್ದು ಅದೇ ಮೊದಲು. ಬೇವಿನ ಗಿಡದ ನೆರಳಿನಲ್ಲಿ ದಮ್ಮು ತೆಗೆದುಕೊಳ್ಳಲು ಇಬ್ಬರೂ ನಿಂತರು. ಎದುರಿಗೆ ಬಚ್ಚಲಿನ ಹೊರಗೋಡೆ. ಅದರಲ್ಲಿ ಒಂದು ಗೂಡು. ಗೂಡಿನಲ್ಲಿ ಫಿನೈಲಿನ ಬಾಟಲಿ, ಸವೆದ ಬ್ರಷ್, ಬಟ್ಟೆ ಸಾಬೂನು, ಮತ್ತು ಬಸಿಯ ಮೇಲೆ ಬೋರಲು ಹಾಕಿದ ಒಂದು ಕಪ್. ಅಂಚಿಗೆ ಹಸಿರು ಗೆರೆ.

ತೊಳೆದು ಒಣಗಲು ಇಟ್ಟಿರಬೇಕು ಎಂದುಕೊಂಡ ಹುಲೆಪ್ಪ. ಅಷ್ಟು ಬೇಗ ಮನಸ್ಸು ಮತ್ತೆ ಆ ಹಳೆಯ ಕೆಲಸಕ್ಕೆ ಹತ್ತಿತು. ಆದರೆ ಬಸಿಯ ಸುತ್ತ ಗೂಡಿನ ಧೂಳಿನಲ್ಲಿ ದುಂಡನೆಯ ಗುರುತು ಬಿದ್ದಿತ್ತು. ಅದು ಒಂದು ದಿನಕ್ಕೆ ಬೀಳುವ ಗುರುತಲ್ಲ.

ಅಡಿಗೆಮನೆಯ ಹಿಂಬಾಗಿಲು ತೆರೆಯಿತು. ಮಾದೇವಿ ಚಹಾದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಬಂದಳು. ಗಿಡದ ಮರೆಯಲ್ಲಿ ನಿಂತವರನ್ನು ಅವಳು ನೋಡಲಿಲ್ಲ. ಪಾತ್ರೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಗೂಡಿನಿಂದ ಕಪ್ಪು-ಬಸಿ ತೆಗೆದು, ನಳದ ಕೆಳಗೆ ಹಿಡಿದು, ಕಲ್ಲಿನ ಮೇಲೆ ಇಟ್ಟಳು. ಕೈ ತೊಳೆದುಕೊಂಡಳು. ಆಮೇಲೆ ಪಾತ್ರೆಯನ್ನು ಎತ್ತಿ, ಕಪ್ಪಿಗೆ ತಾಗದಂತೆ, ಮೇಲಿನಿಂದ ಸುರಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಪಾತ್ರೆಯನ್ನು ಒಳಗಿಟ್ಟು ಬಂದು, ಕಪ್ಪು-ಬಸಿ ಎತ್ತಿಕೊಂಡು, ಪಕ್ಕದ ಸಂದಿಯಿಂದ ಮುಂದಿನ ಬಾಗಿಲಿಗೆ ಹೋದಳು. ಅಡಿಗೆಮನೆಯನ್ನು ದಾಟಿ ಆ ಕಪ್ ಹೋಗಬಾರದು. ಅದು ದಿನಾ ಹೊರಬಾಗಿಲಿನಿಂದ ಬರುವುದನ್ನು ಹುಲೆಪ್ಪ ನೋಡಿದ್ದ, ಯಾಕೆಂದು ಕೇಳಿಕೊಂಡಿರಲಿಲ್ಲ.

ಹುಲೆಪ್ಪನ ಹೆಗಲ ಮೇಲೆ ಗಿರಿಮಲ್ಲಪ್ಪನ ಕೈ ಇತ್ತು. ಆ ಕೈಯ ಭಾರ ಇದ್ದಕ್ಕಿದ್ದಂತೆ ಕಡಿಮೆಯಾಯಿತು. ತನ್ನ ಕಾಲಿನ ಮೇಲೆ ತಾನೇ ನಿಲ್ಲಲು ನೋಡಿದಂತೆ. ಆಗಲಿಲ್ಲ. ಮತ್ತೆ ಭಾರ ಬಿದ್ದಿತು.

ಇಬ್ಬರೂ ಪಡಸಾಲೆಗೆ ಬಂದರು. ಹುಲೆಪ್ಪ ಅವನನ್ನು ಮಂಚದ ಮೇಲೆ ಕೂಡಿಸಿ, ಬೆನ್ನಿಗೆ ದಿಂಬು ಕೊಟ್ಟ. ಸ್ಟೂಲಿನ ಮೇಲೆ ಸ್ಟೀಲಿನ ಲೋಟ ಮತ್ತು ಹಸಿರು ಗೆರೆಯ ಕಪ್ ಹೊಗೆಯಾಡುತ್ತಿದ್ದವು. ಹುಲೆಪ್ಪ ಕಪ್ಪನ್ನು ಎತ್ತಿದ. ಶುಂಠಿಯ ವಾಸನೆ ಬಂತು. ಅಂಚು ಅಷ್ಟೇ ತೆಳ್ಳಗಿತ್ತು. ತುಟಿಯ ತನಕ ತಂದು ಮತ್ತೆ ಕೆಳಗಿಟ್ಟ.

"ಗಿರಿಮಲ್ಲ," ಎಂದ. ಆ ಮನೆಯಲ್ಲಿ ಅವನು ಹಾಗೆ ಕರೆದದ್ದು ಮೊದಲ ಸಲ. "ನನ್ನ ಕಪ್ ಎಲ್ಲಿ ಇಡ್ತಾರ, ನಿನಗ ಗೊತ್ತಿತ್ತೇನಲೇ?"

ಗಿರಿಮಲ್ಲಪ್ಪ ಬಾಗಿಲ ಕಡೆ ನೋಡಿದ. ಕಪಾಟಿನ ಕಡೆ ನೋಡಿದ. ಇಲ್ಲವೆಂದು ಹೇಳಿದರೆ ನಂಬಿಬಿಡಬೇಕೆಂದು ಹುಲೆಪ್ಪ ತೀರ್ಮಾನಿಸಿದ್ದ. ಅಷ್ಟು ತನ್ನ ಕೈಲಿತ್ತು.

"ಗೊತ್ತಿತ್ತು," ಎಂದ ಗಿರಿಮಲ್ಲಪ್ಪ.

ಹೊರಗೆ ಓಣಿಯಲ್ಲಿ ಆಟೋವೊಂದು ಹಾರ್ನ್ ಹಾಕುತ್ತ ಹೋಯಿತು.

"ಏನ್ ಮಾಡ್ಲಿ ಹುಲೆಪ್ಪ. ಈಗ ನನ್ನ ಕುಂಡಿ ತೊಳ್ಯಾಕೂ ಆಕೀನ ಬರಬೇಕು. ಆಕೀ ಮುಂದ ಯಾವ ಬಾಯಿಲೆ ಮಾತಾಡ್ಲಿ?"

"ಸೊಂಟ ಗಟ್ಟಿ ಇದ್ದಾಗ?"

ಗಿರಿಮಲ್ಲಪ್ಪ ಚಾದರವನ್ನು ಮೊಣಕಾಲಿನ ಮೇಲೆ ಎಳೆದುಕೊಂಡ.

ಮಾದೇವಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ. "ಬ್ಯಾರೆ ತಿಳ್ಕೋಬ್ಯಾಡ್ರಿ ಅಣ್ಣಾರ," ಎಂದಳು. "ಅದು ನಿಮ್ಮ ಕಪ್ಪ ಅಂತ ತಗದಿಟ್ಟೇನಿ. ಮತ್ತ ಯಾರಿಗೂ ಅದರಾಗ ಕೊಡಂಗಿಲ್ಲರಿ, ಖರೇನ. ನಮ್ಮ ಅತ್ತಿ ಇದ್ದಾಗಿಂದ ಬಂದದ್ದು, ನಾ ಒಬ್ಬಾಕಿ ಬಿಟ್ರ ಸೊಸಿ ಮುಂದ ಏನಂತ ಹೇಳ್ಲಿ?" ಅವಳ ಮುಖದಲ್ಲಿ ದಣಿವಲ್ಲದೆ ಬೇರೇನೂ ಇರಲಿಲ್ಲ. ತಾನು ಮರ್ಯಾದೆಯನ್ನೇ ಮಾಡಿದೆನೆಂದು ಅವಳು ನಂಬಿದ್ದಳು. ಅದು ಹುಲೆಪ್ಪನಿಗೆ ಎಲ್ಲಕ್ಕಿಂತ ಭಾರವಾಯಿತು. ಜಗಳಕ್ಕೆ ಬಂದಿದ್ದರೆ ಜಗಳವಾಡಬಹುದಿತ್ತು.

"ಆತ್ರಿ ಅಕ್ಕಾರ," ಎಂದು ಎದ್ದ. ಚಹಾ ಅಲ್ಲೇ ಉಳಿಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಸಂಘಮಿತ್ರಾ, "ಆರೂ ತಿರುಗಿ ತಗೊಂಡ ಬಾ ಅಪ್ಪಾ. ಕಪಾಟಿನ್ಯಾಗಿಂದ ಐದು, ಗೂಡಿನ್ಯಾಗಿಂದ ಒಂದು. ಅವರ ಕಣ್ಣ ಮುಂದನ ತಗೊಂಡ ಬಾ," ಎಂದಳು. ಅವಳ ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೆ ಹೋಗಿರಲಿಲ್ಲ.

"ಏನ್ ಮಾಡ್ಲವ್ವಾ ತಂದು? ಅವನ್ನ ನೋಡ್ಕೋತ ಕುಂದ್ರಲೇನು?"

"ಅವರು ನೋಡ್ಕೋತ ಕುಂದರಬಾರದು."

ಅವಳು ಹೇಳುವುದು ಸರಿಯೆಂದು ಅವನಿಗೆ ಗೊತ್ತಿತ್ತು. ಸರಿಯಾದದ್ದನ್ನು ಮಾಡಲು ಬೇಕಾದ ಶಕ್ತಿ ಎಲ್ಲಿ ಹೋಯಿತೆಂದು ಮಾತ್ರ ತಿಳಿಯಲಿಲ್ಲ. ಅಪ್ಪನ ಕಾಲದಿಂದ ತನ್ನ ಕಾಲಕ್ಕೆ ಬರುವುದರಲ್ಲೇ ಅದು ಖರ್ಚಾಗಿತ್ತೇನೋ. ತಾರವ್ವ ಅವನ ತಟ್ಟೆಗೆ ಪಲ್ಯ ಹಾಕಿದಳು. "ತಿನ್ನಾಕ ಬಿಡು ಅವರನ್ನ," ಎಂದು ಮಗಳಿಗೆ ಹೇಳಿದಳು.

ಕೆಲವು ದಿನ ಹುಲೆಪ್ಪ ಎಲ್ಲಿಗೂ ಹೋಗಲಿಲ್ಲ. ಒಮ್ಮೆ ಕೋರ್ಟಿನ ಹಿಂದಿನ ಹೋಟೆಲಿಗೆ ಹೋಗಿ ಆ ಬೆಂಚಿನ ಮೇಲೆ ಕೂತ. ಗ್ಲಾಸು ಅದೇ ದಪ್ಪ ಅಂಚಿನದು. ಚಹಾ ಹೇಗಿತ್ತೆಂದು ಗಮನಿಸುವ ಮೊದಲೇ ಮುಗಿದುಹೋಯಿತು. ಪಕ್ಕದಲ್ಲಿ ಯಾರೂ ಸುರ್ರೆನ್ನಲಿಲ್ಲ. ಇಲ್ಲಿ ಎಲ್ಲರಿಗೂ ಗ್ಲಾಸು ಒಂದೇ ಆಗಿತ್ತು, ಜೊತೆಗೆ ಕುಡಿಯುವವನು ಆ ಮನೆಯಲ್ಲಿದ್ದ.

ಗಿರಿಮಲ್ಲಪ್ಪನೇ ಫೋನು ಮಾಡಿದ. "ಬರ್ತಿಯೇನು?" ಎಂದ. ಹುಲೆಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ. ಉಸಿರಾಟ ಕೇಳಿಸುತ್ತಿತ್ತು. ಯಾರು ಮೊದಲು ಇಟ್ಟರೋ ತಿಳಿಯದಂತೆ ಫೋನು ಕಡಿಯಿತು.

ಮರುದಿನ ಐದಕ್ಕೆ ಮೊದಲು ಹುಲೆಪ್ಪ ತಾರವ್ವನಿಗೆ, "ಚಾ ಮಾಡು," ಎಂದ.

"ಹೊರಗ ಹೊಂಟೀರಲ್ಲ?"

"ಕುಡದ ಹೋಗ್ತೇನಿ."

ತಾರವ್ವ ಅವನ ಎದುರಿಗೆ ತನ್ನ ಕಪ್ಪನ್ನೂ ಇಟ್ಟುಕೊಂಡು ಕೂತಳು. ಸಾಮಾನ್ಯವಾಗಿ ಅವಳು ಒಲೆಯ ಹತ್ತಿರ ನಿಂತೇ ಕುಡಿಯುತ್ತಿದ್ದಳು. ಇಬ್ಬರೂ ನಿಧಾನವಾಗಿ ಕುಡಿದರು. ಅವನು ಚಪ್ಪಲಿ ಮೆಟ್ಟುವಾಗ, "ಅವರು ಕೊಟ್ರ ಏನಂತೀರಿ?" ಎಂದು ಕೇಳಿದಳು.

"ಆಗೈತಿ ಅಂತೇನಿ."

ಗಿರಿಮಲ್ಲಪ್ಪ ಕೃಶನಾಗಿದ್ದ. ಹುಲೆಪ್ಪ ಎಂದಿನಂತೆ ಕಂಕುಳಿಗೆ ಕೈಕೊಟ್ಟು ಕೂಡಿಸಿದ. ಮಾದೇವಿ ಒಳಗಿನಿಂದ ಬಂದು, ಕೇಳಬೇಕೋ ಬೇಡವೋ ಎಂಬಂತೆ ನಿಂತಳು.

"ನಂದು ಮನ್ಯಾಗ ಆಗೈತ್ರಿ ಅಕ್ಕಾರ," ಎಂದ ಹುಲೆಪ್ಪ.

ಅವಳು ಒಳಗೆ ಹೋಗಿ ಗಂಡನ ಲೋಟವನ್ನು ಮಾತ್ರ ತಂದಳು. ಗಿರಿಮಲ್ಲಪ್ಪ ಅದರ ಕಡೆ ನೋಡದೆ, "ನಂದೂ ಆಗೈತಿ," ಎಂದ.

"ಯಾವಾಗ ಆತು? ಯಾರ ಕೊಟ್ರು?"

ಅವಳು ಲೋಟವನ್ನು ಸ್ಟೂಲಿನ ಮೇಲಿಟ್ಟು ಹೋದಳು.

ಚಹಾದ ಮೇಲೆ ಕೆನೆ ಕಟ್ಟತೊಡಗಿತು.

"ಕುಡೀಲೇ, ಆರತೈತಿ," ಎಂದ ಹುಲೆಪ್ಪ.

"ಒಬ್ಬನ ಕುಡ್ಯಾಕ ಆಗವಲ್ದು."

"ನೀ ಕುಡೀದಿದ್ರ ನನ್ನ ಹೊಟ್ಟಿ ತುಂಬತೈತೇನು? ಮಾತಾಡೂದು ಒಳಗ ಅಕ್ಕಾರ ಕೂಡ ಐತಿ. ಇಲ್ಲಿ ಕುಂತು ಉಪಾಸ ಮಾಡಿದ್ರ ಏನ್ ಬಂತು?"

ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿಗೂ ಸ್ವಲ್ಪ ಬಲ ಬೇಕು. ಗಿರಿಮಲ್ಲಪ್ಪ ಚಾದರದ ಎಳೆಯೊಂದನ್ನು ಎಳೆಯುತ್ತ ಕೂತಿದ್ದ. ಆಮೇಲೆ ದನಿ ತಗ್ಗಿಸಿ ಹೇಳಿದ.

"ಮಾತಾಡಿದ್ನಿ. ನೀ ಹೋದ ದಿನಾನ ಮಾತಾಡಿದ್ನಿ. ಅವತ್ತಿಂದ ಆಕಿ ನನ್ನ ಕೂಡ ಮಾತು ಬಿಟ್ಟಾಳ. ಔಷಧ ಕೊಡ್ತಾಳ, ಮೈ ಒರಸ್ತಾಳ, ಎಲ್ಲಾ ಮಾಡ್ತಾಳ. ಈಗ ಯಾರ ಕೊಟ್ರು ಅಂತ ಕೇಳಿದ್ಲಲ್ಲ, ಅಷ್ಟ ನೋಡು ಇಷ್ಟು ದಿನಕ್ಕ."

ಹುಲೆಪ್ಪ ಒಳಬಾಗಿಲ ಕಡೆ ನೋಡಿದ. ಅಡಿಗೆಮನೆಯಲ್ಲಿ ಏನೋ ಜಜ್ಜುವ ಸಪ್ಪಳ ಶುರುವಾಗಿ ನಿಂತುಹೋಯಿತು. ಆ ಮನೆಯಲ್ಲಿ ಮೂವರೂ ದಣಿದಿದ್ದರು. ಒಬ್ಬರ ದಣಿವು ಇನ್ನೊಬ್ಬರ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ.

ಅವರು ಕೂತರು. ಚಹಾ ಇಲ್ಲದೆ ಕೂರುವುದು ಇಬ್ಬರಿಗೂ ಬರುತ್ತಿರಲಿಲ್ಲ. ಬಿಸಿಯಿದ್ದಾಗ ಆಡುವ ಮಾತು, ಅರ್ಧ ಮುಗಿದಾಗ ಆಡುವ ಮಾತು, ತಳ ಕಂಡ ಮೇಲೆ ಆಡದೆ ಬಿಡುವ ಮಾತು, ಎಲ್ಲಕ್ಕೂ ಅದೇ ಅಳತೆಯಾಗಿತ್ತು. ಖಾಲಿಯಾದರೆ ಏಳಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಕೈಗಳಿಗೆ ಕೆಲಸವಿರಲಿಲ್ಲ. ಹುಲೆಪ್ಪ ತನ್ನವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಹೊಳೆಗೆ ನೀರು ಬಿಟ್ಟಿದ್ದಾರಂತೆ ಎಂದ. ಹೂಂ ಎಂದ ಗಿರಿಮಲ್ಲಪ್ಪ. ಆ ಮಾತು ಅಲ್ಲಿಗೇ ನಿಂತಿತು. ಬಾಗಿಲಿನ ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಯಿತು.

"ಏಳ್ತಿಯೇನು?" ಎಂದ ಗಿರಿಮಲ್ಲಪ್ಪ.

"ಗೊತ್ತಾಗವಲ್ದು," ಎಂದ ಹುಲೆಪ್ಪ.

"ನನಗೂ ಗೊತ್ತಾಗವಲ್ದು."

ಹುಲೆಪ್ಪ ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡ. ಏಳಲಿಲ್ಲ.